ಸಿನ್ನೆಯ ಉಂಗುರದ ಬೆರಳು

"ಮುಷ್ಟಿ ಬಿಚ್ಚೇ ಸಿನ್ನೆ! ಏನ್ ಮುಚ್ಚಿಟ್ಕೊಂಡಿದೀಯಾ?"

ಮಾರಿತ್ ಗೆಳತಿಯ ಬಲಗೈ ಹಿಡಿದು ಎಳೆದಳು. ಆಗಷ್ಟೇ ಹ್ಯಾಂಡ್‌ಬಾಲ್ ಪ್ರಾಕ್ಟೀಸ್ ಮುಗಿದಿತ್ತು. ಗೋಲ್‌ಕೀಪರ್ ಸಿನ್ನೆಯ ಕೈಯಿಂದ ಅವತ್ತು ಮೂರು ಸುಲಭದ ಬಾಲ್‌ಗಳು ಜಾರಿಹೋಗಿದ್ದವು.

ಮುಷ್ಟಿ ಬಿಚ್ಚಿತು. ಅಂಗೈಯಲ್ಲಿ, ಉಂಗುರದ ಬೆರಳಿನ ಬುಡದಲ್ಲಿ, ಬಟಾಣಿಯಷ್ಟು ದಪ್ಪ ಗಂಟು. ಬೆರಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ.

"ಅಯ್ಯೋ, ನಿಮ್ಮಜ್ಜನ ಕೈ ಥರಾನೇ ಆಗ್ತಿದೆಯಲ್ಲೇ!"

ಮಾರಿತ್ ತಮಾಷೆಗೆ ಹೇಳಿದ್ದಳು. ಸಿನ್ನೆಯ ಮುಖ ನೋಡಿ ಕೈ ಬಿಟ್ಟಳು.

ಮೂರು ವಾರದಿಂದ ಸಿನ್ನೆಯನ್ನು ಕೊರೆಯುತ್ತಿದ್ದುದೂ ಅದೇ ಭಯ. ಅಜ್ಜನ ಬಲಗೈಯ ಕೊನೆಯ ಎರಡು ಬೆರಳುಗಳು ಕೊಕ್ಕೆಯ ಹಾಗೆ ಬಾಗಿ ಅಂಗೈಗೆ ಅಂಟಿಕೊಂಡಿದ್ದವು. ಆದರೆ ಅಜ್ಜನಿಗೆ ಎಪ್ಪತ್ತೆರಡು ವರ್ಷ. ಅವಳಿಗೆ ಬರೀ ಹನ್ನೊಂದು.

ಅಂದು ಸಂಜೆ ಅವಳು ಅಮ್ಮನಿಗೆ ಕೈ ತೋರಿಸಿಬಿಟ್ಟಳು. ಮುಂದಿನ ವಾರ ಇಬ್ಬರೂ ಆಸ್ಪತ್ರೆಗೆ ಹೋದರು.

"ಅಂಗೈನ ಮೇಜಿನ ಮೇಲೆ ಚಪ್ಪಟೆಯಾಗಿ ಇಡು ಪುಟ್ಟಿ," ಅಂದರು ಡಾಕ್ಟರ್.

ಎಷ್ಟು ಒತ್ತಿದರೂ ಕೈ ಮೇಜಿಗೆ ಕೂರಲಿಲ್ಲ. ಅಡಿಯಲ್ಲಿ ಪೆನ್ಸಿಲ್ ತೂರುವಷ್ಟು ಸಂದಿ ಉಳಿಯಿತು. ಡಾಕ್ಟರ್ ಪಕ್ಕದ ರೂಮಿನಿಂದ ಇನ್ನೊಬ್ಬ ಡಾಕ್ಟರನ್ನು ಕರೆತಂದರು. ಇಬ್ಬರೂ ಬಗ್ಗಿ ನೋಡಿ ಪಿಸುಗುಟ್ಟಿದರು.

"ಇದು ವಯಸ್ಸಾದವರಿಗೆ ಬರೋ ತೊಂದರೆ. ಮಕ್ಕಳಿಗೆ ಬಂದಿದ್ದನ್ನ ನಾನು ಪುಸ್ತಕದಲ್ಲಿ ಓದಿದ್ದೆ ಅಷ್ಟೇ. ಚರ್ಮದ ಕೆಳಗಿನ ಪದರ ದಪ್ಪ ಆಗಿ ಬೆರಳನ್ನ ಎಳೆಯುತ್ತೆ. ಜೀವಕ್ಕೇನೂ ಅಪಾಯ ಇಲ್ಲ. ಮನೇಲಿ ಯಾರಿಗಾದ್ರೂ ಇದೆಯಾ?"

"ನಮ್ಮಪ್ಪನಿಗೆ," ಅಂದಳು ಅಮ್ಮ.

"ವಾಸಿ ಆಗುತ್ತಾ?" ಸಿನ್ನೆ ಕೇಳಿದಳು.

"ಹಾಗೇ ಇರಬಹುದು. ನಿಧಾನಕ್ಕೆ ಜಾಸ್ತಿನೂ ಆಗಬಹುದು. ಈಗಲೇ ಹೇಳಕ್ಕಾಗಲ್ಲ. ಆರು ತಿಂಗಳಿಗೊಂದ್ಸಲ ಅಳೆಯೋಣ. ತುಂಬಾ ಬಾಗಿದ್ರೆ ಆಪರೇಷನ್ ಇದೆ. ನೋವಿಲ್ಲ ಅಂದ್ರೆ ಬಾಲ್ ಆಡು, ಬಿಡಬೇಡ."

ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಸಿನ್ನೆಯ ಕಿವಿಯಲ್ಲಿ 'ಹೇಳಕ್ಕಾಗಲ್ಲ' ಅನ್ನುವುದೊಂದೇ ಗುಯ್‌ಗುಟ್ಟುತ್ತಿತ್ತು.

ಭಾನುವಾರ ಬಂದರಿನ ಹತ್ತಿರದ ಅಜ್ಜನ ಮನೆಯಲ್ಲಿ ಊಟ. ಅಜ್ಜ ಎಡಗೈಯಲ್ಲಿ ಮೀನಿನ ಸೂಪ್ ಕುಡಿಯುತ್ತ ಅಂಗಿಯ ಮೇಲೆಲ್ಲ ಚೆಲ್ಲಿಕೊಳ್ಳುತ್ತಿದ್ದ. ಬಲಗೈ ಜೇಬಿನಲ್ಲಿತ್ತು. ಅಮ್ಮ ಬ್ರೆಡ್ ತರಲು ಒಳಗೆ ಹೋದಳು.

"ಕೈ ಯಾಕೆ ಜೇಬಲ್ಲಿಟ್ಟಿದೀಯ ಅಜ್ಜ?"

"ಚಳಿ ಕಣೇ."

ಕಿಟಕಿಯಿಂದ ಮೇ ತಿಂಗಳ ಬಿಸಿಲು ಟೇಬಲ್ ತುಂಬ ಬಿದ್ದಿತ್ತು. ಸಿನ್ನೆ ಅಜ್ಜನನ್ನೇ ನೋಡಿದಳು. ಅಜ್ಜ ಚಮಚ ಕೆಳಗಿಟ್ಟ.

"ನಿಮ್ಮಮ್ಮ ಫೋನ್ ಮಾಡಿದಾಗಿಂದ ಊಟ ಸೇರ್ತಿಲ್ಲ. ನಿಂಗೆ ಏನೇನೋ ಕೊಡಬೇಕು ಅಂತಿದ್ದೆ. ಇದನ್ನ ಕೊಟ್ಬಿಟ್ಟೆ ನೋಡು."

ಅಜ್ಜ ಹೆದರಿದ್ದನ್ನು ಸಿನ್ನೆ ಯಾವತ್ತೂ ನೋಡಿರಲಿಲ್ಲ.

"ನೀನೇನು ಬೇಕಂತ ಕೊಟ್ಯಾ? ಅದಿರಲಿ, ನೋವಾಗುತ್ತಾ?"

"ಇಲ್ಲಪ್ಪ. ಗ್ಲೌಸ್ ಹಾಕೋದೊಂದೇ ಕಷ್ಟ. ಮೊದಮೊದಲು ನಾಚಿಕೆ ಆಗ್ತಿತ್ತು. ಹಡಗು ಕಟ್ಟೋ ಕೆಲಸದಲ್ಲಿದ್ದಾಗ ಎರಡು ವರ್ಷ ಯಾರಿಗೂ ತೋರಿಸಿರಲಿಲ್ಲ."

"ಎರಡು ವರ್ಷಾನಾ! ನಾನು ಮೂರೇ ವಾರ."

"ನನಗಿಂತ ಜಾಣೆ ಬಿಡು." ಅಜ್ಜ ನಕ್ಕ. ಬಲಗೈ ಮೆಲ್ಲನೆ ಜೇಬಿನಿಂದ ಹೊರಬಂದು ಬಿಸಿಲಿನಲ್ಲಿ ಕೂತಿತು.

ಸಿನ್ನೆ ಟೇಬಲ್ಲಿನ ಈ ಕಡೆಯಿಂದ ಅದನ್ನು ನೋಡಿದಳು. ಚಿಕ್ಕಂದಿನಿಂದಲೂ ಅವಳು ಕೂರುತ್ತಿದ್ದುದು ಅಜ್ಜನ ಎಡಗಡೆಗೇ. ಯಾಕೆಂದು ಅವಳಿಗೆ ಆಗ ಹೊಳೆಯಿತು. ಆ ಬೆರಳುಗಳು ತನಗೆ ತಾಗದಿರಲಿ ಎಂದು. ಅಜ್ಜನಿಗೆ ಗೊತ್ತಿತ್ತೋ ಏನೋ, ಒಂದು ದಿನವೂ ಕೇಳಿರಲಿಲ್ಲ.

ಅವಳು ಬಟ್ಟಲು ಎತ್ತಿಕೊಂಡು ಎದ್ದಳು. ಸುತ್ತಿ ಬಂದು, ಅಜ್ಜನ ಬಲಗಡೆ ಕುರ್ಚಿ ಎಳೆದು, ತೋಳಿಗೆ ತೋಳು ತಾಗುವಷ್ಟು ಹತ್ತಿರ ಕೂತಳು.

"ಏನಾಯ್ತೇ?"

"ಏನಿಲ್ಲ. ಸೂಪ್ ಆರಿಹೋಗ್ತಿದೆ, ಕುಡಿ ಅಜ್ಜ."