ಒಳಕ್ಕೆ ಕುಸಿದ ಸುರುಳಿ

"ದೊಡ್ಡಮ್ಮ, ನನ್ನ ಕೈಯಿಂದ ಒಂದು ಜೀವ ಹೋಯ್ತು ಅಂತಿದಾರೆ. ನಾಳೆ ಪೊಲೀಸರು ಬರ್ತಾರೆ."

ಬಾಗಿಲಲ್ಲಿ ನಿಂತಿದ್ದವನು ತಂತಿ ಸುರುಳಿ ಸುತ್ತುವವನು. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ದಾರದುಂಡೆ ಎಂದು. ಅವನು ಸುರುಳಿ ಸುತ್ತಿಕೊಟ್ಟಿದ್ದ ಗಿರಣಿಯ ಟ್ರಾನ್ಸ್‌ಫಾರ್ಮರ್ ಹಿಂದಿನ ದಿನ ಸಿಡಿದು, ಕಾದ ಎಣ್ಣೆಗೆ ಕಾವಲುಗಾರ ಬಲಿಯಾಗಿದ್ದ.

ಮೋಟಾರು ರಿಪೇರಿಯಲ್ಲಿ ಮೂವತ್ತು ವರ್ಷ ಸವೆಸಿದ ದೊಡ್ಡಮ್ಮನ ಬಳಿಗೆ ಜನ ಕೆಟ್ಟ ಫ್ಯಾನು ತರುತ್ತಿದ್ದರು. ಬಿಡಿಸಲಾಗದ ಕಳವು, ಕೊಲೆಗಳನ್ನೂ ತರುತ್ತಿದ್ದರು. ಅವರ ಸ್ಪ್ಯಾನರ್ ಚೀಲ ಹೊರುವುದು ನನ್ನ ಕೆಲಸ.

"ಕೆಟ್ಟದಾಗಿ ಸುತ್ತಿದ್ಯೇನೋ?"

"ನನ್ನ ಮಗಳ ಜಡೇನೂ ಅಷ್ಟು ಚೆನ್ನಾಗಿ ಹೆಣೆದಿಲ್ಲ, ದೊಡ್ಡಮ್ಮ."

"ಹಾಗಾದ್ರೆ ನಡಿ."

ಗಿರಣಿಯ ಅಂಗಳದಲ್ಲಿ ಸುಟ್ಟ ಎಣ್ಣೆಯ ವಾಸನೆ ಇನ್ನೂ ಆರಿರಲಿಲ್ಲ. ಸ್ವಿಚ್ಚಿನ ಕೋಣೆಯ ಬೀಗದ ಕೈ ಇದ್ದದ್ದು ಗಿರಣಿಯ ಎಲೆಕ್ಟ್ರಿಷಿಯನ್ ಬಳಿ ಮಾತ್ರ. ಸತ್ತವನ ತಮ್ಮ ಅವನು. ಅತ್ತು ಅತ್ತು ಮುಖ ಊದಿತ್ತು.

"ಒಂದೇ ಸಲ ಸ್ವಿಚ್ಚು ಟ್ರಿಪ್ ಆಗಿ ತಾನಾಗೇ ಬಿತ್ತು. ಅಷ್ಟರಲ್ಲೇ ಸಿಡೀತು," ಎಂದ.

ದೊಡ್ಡಮ್ಮ ಕೋಣೆ ನೋಡಿದರು. ಧೂಳು ಹಿಡಿದ ಕೇಬಲ್‌ಗಳ ನಡುವೆ ಒಂದು ಮಾತ್ರ ಹೊಸದು. ಸ್ವಿಚ್ಚು ಎಷ್ಟು ಸಲ ಟ್ರಿಪ್ ಆಯಿತೆಂದು ಎಣಿಸುವ ಮೀಟರಿನಲ್ಲಿ ೨೧೭ ಇತ್ತು. ಕಾವಲುಗಾರನ ಹೆಂಡತಿ ತಂದ ಅವನ ಪುಸ್ತಕದಲ್ಲಿ, ಸತ್ತ ದಿನ ಬೆಳಿಗ್ಗೆ ಕಿಟಕಿಯಿಂದ ನೋಡಿ ಅವನೇ ಬರೆದಿಟ್ಟ ಆ ಮೀಟರಿನ ಅಂಕಿ ೨೧೪. ಆಮೇಲೆ ದೊಡ್ಡಮ್ಮ ಟ್ರಾನ್ಸ್‌ಫಾರ್ಮರಿನ ಎಣ್ಣೆ ತೊಟ್ಟಿಯಿಂದ ಸುರುಳಿಗಳನ್ನು ಮೇಲೆತ್ತಿಸಿ, ಟಾರ್ಚ್ ಹಿಡಿದು ಒಂದೊಂದು ಸುತ್ತನ್ನೂ ನೋಡಿದರು.

ಸಂಜೆ ಎಲ್ಲರನ್ನೂ ಅಲ್ಲೇ ಕೂಡಿಸಿದರು.

"ಸುತ್ತಿದ್ದು ಕೆಟ್ಟಿದ್ರೆ ಒಂದು ಕಡೆ ನಾಲ್ಕು ಸುತ್ತು ಕರಗಿರ್ತಿತ್ತು, ಮಿಕ್ಕಿದ್ದು ನೆಟ್ಟಗಿರ್ತಿತ್ತು. ಇಲ್ಲಿ ಒಳಸುರುಳಿ ಸುತ್ತಲೂ ಕುಸಿದಿದೆ, ಹೊರಸುರುಳಿ ಉಬ್ಬಿದೆ. ಟ್ರಾನ್ಸ್‌ಫಾರ್ಮರಿಂದ ಹೊರಗೆ ಹೋಗೋ ಕೇಬಲ್ ಶಾರ್ಟ್ ಆದಾಗ ಹತ್ತಿಪ್ಪತ್ತು ಪಟ್ಟು ಕರೆಂಟು ನುಗ್ಗುತ್ತೆ, ಎರಡು ಸುರುಳಿ ಒಂದನ್ನೊಂದು ತಳ್ಳುತ್ವೆ. ಮೊದಲ ಪೆಟ್ಟು ತಡೀತು. ಎರಡನೇದಕ್ಕೆ ಸುರುಳಿನ ಬಿಗಿದಿಟ್ಟ ಮರದ ತುಂಡುಗಳು ಸಡಿಲವಾದ್ವು. ಮೂರನೇದಕ್ಕೆ ಸುರುಳಿ ಜರುಗಿ, ತಂತಿಗೆ ಸುತ್ತಿದ್ದ ಕಾಗದ ಹರಿದು, ಒಳಗೇ ಬೆಂಕಿ ಎದ್ದು ತೊಟ್ಟಿ ಸಿಡೀತು. ಇನ್ನೂರ ಹದಿನಾಲ್ಕರಿಂದ ಹದಿನೇಳು. ಟ್ರಿಪ್ ಆದದ್ದು ಮೂರು ಸಲ, ಒಂದಲ್ಲ. ಕೇಬಲ್ ನೋಡದೆ ಮತ್ತೆ ಮತ್ತೆ ಸ್ವಿಚ್ಚು ಎತ್ತಿ, ಆಮೇಲೆ ಸುಟ್ಟ ಕೇಬಲ್ ಬದಲಿಸಿದವನು ಬೀಗದ ಕೈ ಇದ್ದವನೇ. ಹೌದೇನಪ್ಪಾ?"

ಎಲೆಕ್ಟ್ರಿಷಿಯನ್ ಬೀಗದ ಕೈಯನ್ನು ನೆಲದ ಮೇಲಿಟ್ಟ. "ಗಿರಣಿ ನಿಂತ್ರೆ ನನ್ನನ್ನೇ ಬೈತಾರೆ ಅಂತ..."

"ಅವರು ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತಿದ್ದು ನಿನಗೆ ಗೊತ್ತಿತ್ತಾ?" ಕಾವಲುಗಾರನ ಹೆಂಡತಿಯ ದನಿ ಮೆಲ್ಲಗಿತ್ತು.

"ನಾನೇ ಕಳಿಸಿದ್ದೆ ಅತ್ತಿಗೆ. ಧಡ್ ಅನ್ನೋ ಸದ್ದು ಎಲ್ಲಿಂದ ಬರುತ್ತೆ ನೋಡಣ್ಣ, ಇನ್ನೊಂದ್ಸಲ ಸ್ವಿಚ್ಚು ಎತ್ತುತ್ತೀನಿ ಅಂದೆ."

ದಾರದುಂಡೆಯ ತಲೆಯ ಮೇಲಿನ ಹೊರೆ ಇಳಿದಿತ್ತು. ಆದರೂ ಆ ಮಾತು ಕೇಳಿ ಮೊದಲು ಅತ್ತವನು ಅವನೇ.