ಹೆಕಾಟೆಯ ಬಿರುದುಗಳು

"ಒಂದೇ ಹೆಸರು, ಅಳಿಯಂದಿರೇ. ಮಗು ಹುಟ್ಟೋವರೆಗೂ ಆ ದೇವೀನ 'ಎಳೆಯರ ತಾಯಿ' ಅಂತಷ್ಟೇ ಕರೀರಿ. ಮಿಕ್ಕ ಬಿರುದುಗಳು ಈ ಮನೇಲಿ ಕೇಳಿಸೋದು ಬೇಡ, ದಮ್ಮಯ್ಯ!" ಎಂದು ಫಿಲಿನ್ನ ಎಣ್ಣೆಗೈಯನ್ನೇ ಜೋಡಿಸಿದಳು.

ಫಾನಿಯಸ್ ದ್ರಾಕ್ಷಾರಸದ ಬಟ್ಟಲು ಕೆಳಗಿಡದೆಯೇ ನಕ್ಕ. ತುಂಬು ಬಸುರಿ ಹೆಂಡತಿ ನಿಕೆಸೊಳನ್ನು ನೋಡಲೆಂದು ಅಥೆನ್ಸ್‌ನಿಂದ ಥೆಸಲಿಯ ಈ ತವರುಮನೆಗೆ ನಿನ್ನೆಯಷ್ಟೇ ಬಂದಿದ್ದ. ಅಷ್ಟರಲ್ಲೇ ಇಲ್ಲಿಯ ಹೆಂಗಸರ ಮಾಟಮಂತ್ರದ ಮಾತು ಕೇಳಿ ಅವನಿಗೆ ತಲೆ ಚಿಟ್ಟು ಹಿಡಿದಿತ್ತು.

"ನಮ್ಮೂರಲ್ಲಿ ಒಂದು ಬಿರುದು ಬಿಟ್ಟುಹೋದ್ರೆ ದೇವರಿಗೆ ಕೋಪ. ಇಲ್ಲಿ ಹೇಳಿದ್ರೆ ಕೋಪನಾ ಅತ್ತೆ? ನಿಮ್ಮ ಹೆಕಾಟೆ ದೇವಿಗೆ ಊರಿಗೊಂದು ಮುನಿಸಾ?"

"ಹೊಗಳೋದು ಬೇರೆ, ಕರೆಯೋದು ಬೇರೆ. ಒಂದೊಂದು ಬಿರುದಿಗೂ ಅವಳು ಒಂದೊಂದು ರೂಪದಲ್ಲಿ ಬರ್ತಾಳೆ. ಬಂದವಳನ್ನ ಬರಿಗೈಲಿ ಕಳಿಸೋಕಾಗಲ್ಲ."

"ಬರಲಿ ಬಿಡಿ. ಬಾಣಂತಿ ಮನೇಲಿ ಕೆಲಸಕ್ಕೆ ಜನ ಬೇಕು."

ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಆಸಾಮಿ ಎದ್ದು ನಿಂತ. ತನ್ನೂರಿನ ಉತ್ಸವದಲ್ಲಿ ಸ್ತೋತ್ರ ಹಾಡುವವರ ಧಾಟಿಯಲ್ಲಿ ಎದೆಯುಬ್ಬಿಸಿ ಕೂಗಿದ. "ದಾರಿಯವಳೇ! ಬಾಗಿಲವಳೇ! ದೀಪ ಹಿಡಿದವಳೇ! ನೆಲದಡಿಯವಳೇ! ಎಲ್ಲರೂ ಬನ್ನಿ!"

ದೀಪ ಹಚ್ಚುವ ಹೊತ್ತು. ಅಂಗಳದಲ್ಲಿ ಬೊಗಳುತ್ತಿದ್ದ ನಾಯಿಗಳು ಒಮ್ಮೆಲೇ ಬಾಯಿ ಮುಚ್ಚಿದವು. ಒಳಕೋಣೆಯಲ್ಲಿ ನಿಕೆಸೊ ನರಳಿದಳು. ನೋವು ಶುರುವಾಗಿತ್ತು.

ಸೂಲಗಿತ್ತಿಯನ್ನು ಕರೆಯಲು ಹೋದ ಆಳು ಬೆವರು ಸುರಿಸುತ್ತ ಒಬ್ಬನೇ ಮರಳಿದ. ಅವಳ ಮನೆ ಪಕ್ಕದ ಬೀದಿಯಲ್ಲೇ ಇತ್ತು. ಆದರೆ ಎತ್ತ ನಡೆದರೂ ದಾರಿ ಅವನನ್ನು ಇದೇ ಹೊಸ್ತಿಲಿಗೆ ತಂದು ಬಿಡುತ್ತಿತ್ತಂತೆ. ಅವನನ್ನು ಬೈದು, ತಾನೇ ಹೋಗುತ್ತೇನೆಂದು ಫಾನಿಯಸ್ ಬಾಗಿಲಿಗೆ ಕೈ ಹಾಕಿದ. ಅಗುಳಿ ಸರಿಯಿತು, ಬಾಗಿಲು ಸರಿಯಲಿಲ್ಲ. ಭುಜ ಕೊಟ್ಟು ತಳ್ಳಿದ. ಹಲಗೆಯ ಆಚೆ ಯಾರೋ ಬೆನ್ನು ಕೊಟ್ಟು ನಿಂತು ನಿಧಾನವಾಗಿ ಉಸಿರಾಡುತ್ತಿದ್ದರು.

ಎಣ್ಣೆ ತುಂಬಿದ ದೀಪಗಳು ಆರಿದವು. ಒಂದಾದ ಮೇಲೊಂದು. ಕತ್ತಲು. ಆಗಷ್ಟೇ ತೋಡಿದ ಗೋರಿಯ ಮಣ್ಣಿನ ವಾಸನೆ ಮೂಗಿಗೆ ಅಡರಿತು. ಕಾಲಡಿಯ ಕಲ್ಲು ತಣ್ಣಗಾಯಿತು. ಅದನ್ನು ಕೆಳಗಿನಿಂದ ಏನೋ ಕೆರೆಯುತ್ತಿತ್ತು. ಕೆರೆತ ನಿಂತಿತು. ಅವನ ಹಿಮ್ಮಡಿಯನ್ನು ಒಂದು ಕೈ ಹಿಡಿಯಿತು.

"ನೀ ಕರೆದೆ. ನಾ ಬಂದೆ. ಯಾರನ್ನ ಕೊಡ್ತೀಯ?" ನೆಲದಡಿಯಿಂದ ಹೆಣ್ಣುದನಿ ಕೇಳಿತು.

"ನನ್ನನ್ನ ತಗೋ, ತಾಯೀ!" ಫಿಲಿನ್ನ ಅರಚಿದಳು.

"ಕರೆದದ್ದು ನೀನಲ್ಲ."

ಫಿಲಿನ್ನ ಕತ್ತಲಲ್ಲೇ ತಡಕಿ ಅಳಿಯನ ತೋಳು ಹಿಡಿದಳು. "ನಿಮ್ಮ ಹೆಸರು ಹೇಳಿ. ತಾಯಿ ಹೆಸರು ಸೇರಿಸಿ ಹೇಳಿದ್ರೇ ಅವಳು ಒಪ್ಪೋದು. ಹೆದಿಲೆ ಮಗ ಫಾನಿಯಸ್ ಅನ್ನಿ. ಕರೆದವರು ನೀವಲ್ವಾ? ಒಳಗಿರೋವಳು ಏನು ಮಾಡಿದ್ಲು?"

ಕೈ ಮೊಣಕಾಲಿಗೆ ಏರಿತು. ತೊಡೆಗೆ ಬಂತು. ತಣ್ಣಗೆ. ಗಟ್ಟಿಯಾಗಿ. ಅವನಿಗೆ ಬದುಕಬೇಕಿತ್ತು. ಅಷ್ಟೇ ಬೇಕಿತ್ತು. ಹೆಂಡತಿಯ ಹೆಸರನ್ನು ನಾಲ್ಕು ಜನರೆದುರು ಎತ್ತದಿರುವುದೇ ಮರ್ಯಾದೆ ಎಂದು ಬೆಳೆದ ಗಂಡಸು ಮನೆಯೇ ನಡುಗುವಂತೆ ಕೂಗಿದ.

"ನಿಕೆಸೊ! ಫಿಲಿನ್ನಳ ಮಗಳು ನಿಕೆಸೊ!"

ಕೈ ಸಡಿಲವಾಯಿತು. ದೀಪಗಳು ತಾವಾಗಿಯೇ ಹೊತ್ತಿಕೊಂಡವು. ಬಾಗಿಲು ಮೆಲ್ಲಗೆ ತೆರೆಯಿತು, ಅಂಗಳದಲ್ಲಿ ಯಾರೂ ಇರಲಿಲ್ಲ.

ಒಳಗಿನಿಂದ ನಿಕೆಸೊಳ ದನಿ ಬಂತು. ಅದರಲ್ಲಿ ನೋವಿರಲಿಲ್ಲ. "ಅಮ್ಮಾ, ನನಗೆ ಕೇಳಿಸ್ತು."

ಫಿಲಿನ್ನ ಓಡಿಹೋಗುವಷ್ಟರಲ್ಲಿ ಮಗು ಅಳುತ್ತಿತ್ತು. ಅದನ್ನು ಎದೆಗೆ ಒತ್ತಿಕೊಂಡಿದ್ದ ನಿಕೆಸೊಳ ತೋಳಿನಲ್ಲಿ ಬಿಸಿ ಉಳಿದಿರಲಿಲ್ಲ.

ಫಾನಿಯಸ್ ಕೋಣೆಯ ಬಾಗಿಲಿಗೆ ಬಂದು ಕೈ ಚಾಚಿದ. ಮಗುವನ್ನು ಎತ್ತಿಕೊಂಡು ಹೆಸರಿಡುವುದು ಅಪ್ಪನ ಹಕ್ಕು. ಫಿಲಿನ್ನ ಅದನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಇದರ ಹೆಸರು ನಿಮಗೆ ಬೇಡ, ಅಳಿಯಂದಿರೇ. ಗೊತ್ತಾದ್ರೆ ಇದನ್ನೂ ಕೊಟ್ಟುಬಿಡ್ತೀರಿ."