ಒಂದೇ ಮಣಿಯ ಲಕ್ಷ

ಲೆಕ್ಕ ಕಲಿಸುವ ಮಣಿಚೌಕಟ್ಟಿನ ಹಿಂದೆ ಇಟ್ಟಿದ್ದ ಬೆಳ್ಳಿ ಭರಣಿ ಕಾಣೆಯಾಗಿತ್ತು.

ನಿಟ್ಟೂರಿನ ಹಳೇ ಶಾಲೆಯಲ್ಲಿ ಅಂದು ಲೆಕ್ಕದ ಅಲಮೇಲಮ್ಮ ಮೇಡಂಗೆ ಸನ್ಮಾನ. ಹಳೇ ವಿದ್ಯಾರ್ಥಿಗಳು ತಂದ ಆ ಉಡುಗೊರೆಯನ್ನು ಬಣ್ಣದ ಕಾಗದದಲ್ಲಿ ಸುತ್ತಿ ಹಿಂದಿನ ಸಂಜೆ ಬಚ್ಚಿಟ್ಟವಳು ಶಾಂತಲಾ. ಗುಬ್ಬಿ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಆದರೂ ಈ ಕೋಣೆಗೆ ಬಂದರೆ ಅವಳು ಮತ್ತೆ ನಾಲ್ಕನೇ ಕ್ಲಾಸಿನ ಹುಡುಗಿ. ಮೇಡಂ ಎರಡು ಚೌಕಟ್ಟುಗಳಿಗೆ ಮಣಿ ಹಾಕಿ, ಯಾವ ಸಂಖ್ಯೆ ದೊಡ್ಡದೆಂದು ಕೇಳುತ್ತಿದ್ದರು. ದೊಡ್ಡದರ ಹಿಂದೆ ಪೆಪ್ಪರ್‌ಮೆಂಟು. ಮಣಿಗಳ ರಾಶಿ ನೋಡಿ ಶಾಂತಲಾ ಪ್ರತಿ ಸಲವೂ ಬೇಸ್ತು ಬೀಳುತ್ತಿದ್ದಳು. ಆ ದಿನಗಳು ಎಷ್ಟು ಚೆಂದವಿದ್ದವು!

ಭರಣಿ ಸಿಗಲು ತಡವಾಗಲಿಲ್ಲ. ಬಿಸಿಯೂಟದ ಕರಿಬಸಮ್ಮನ ಚೀಲದಲ್ಲಿತ್ತು. ಹುಡುಕಿ ತೆಗೆದವನು ತುಮಕೂರಿನ ಬಟವಾಡಿಯಲ್ಲಿ ಅಂಗಡಿ ಇಟ್ಟಿರುವ ಶಿವರಾಜ್, ಶಾಂತಲಾಳ ಸಹಪಾಠಿ.

"ಕೋಣೆ ಬೀಗದ ಕೈ ಇದ್ದಿದ್ದು ಇವಳತ್ರ, ಮಾಲು ಸಿಕ್ಕಿದ್ದೂ ಇವಳತ್ರ. ಇನ್ನೇನ್ ಬೇಕು? ಕಂಪ್ಲೇಂಟ್ ತಗೋ, ಕೆಲಸದಿಂದ ತೆಗೆಸೋಣ."

ಕುಣಿಗಲ್ ಕಡೆಯಿಂದ ಸೊಸೆಯಾಗಿ ಬಂದ ಕರಿಬಸಮ್ಮ ಶಾಲೆಯ ಮೆಟ್ಟಿಲು ಹತ್ತಿದ್ದೇ ಅಡುಗೆ ಮಾಡಲು. ಕೆಲಸ ಹೋದರೆ ಒಲೆ ಉರಿಯುವುದು ಕಷ್ಟ. ಕಳ್ಳಿ ಎಂಬ ಹೆಸರು ಬಂದರೆ ಊರಲ್ಲಿ ತಲೆಯೆತ್ತುವುದು ಇನ್ನೂ ಕಷ್ಟ.

"ಕದ್ದಿಲ್ಲ ಕಣವ್ವ. ಕೊಟ್ರು."

"ಯಾರು ಕೊಟ್ಟಿದ್ದು?"

"ಯೋಳಕಿಲ್ಲ. ಮಾತು ಕೊಟ್ಟಿವ್ನಿ."

ಶಿವರಾಜ್ ನಕ್ಕ. ಶಾಂತಲಾಗೆ ನಗು ಬರಲಿಲ್ಲ. ಸಿಕ್ಕಿಬಿದ್ದವರು ಹತ್ತು ಸುಳ್ಳು ಹೆಣೆಯುವುದನ್ನು ಅವಳು ಠಾಣೆಯಲ್ಲಿ ದಿನಾ ಕಂಡವಳು. ಈಕೆ ಒಂದೂ ಹೆಣೆಯುತ್ತಿಲ್ಲ — ಯಾಕೆ?

ಅವಳು ಚೌಕಟ್ಟುಗಳ ಮುಂದೆ ನಿಂತಳು. ನಿನ್ನೆ ತಾನು ಎಡಗಡೆ ಹಾಕಿದ್ದು ಎರಡೇ ಮಣಿಯ 2,00,000. ಬಲಗಡೆ ಮಣಿ ತುಂಬಿದ 1,99,999. ಈಗ? ಎಡಗಡೆ 99,999. ಬಲಗಡೆ ಲಕ್ಷದ ಕಡ್ಡಿಯಲ್ಲಿ ಒಂದೇ ಒಂದು ಮಣಿ.

"ಕರಿಬಸಮ್ಮ, ಇವೆರಡರಲ್ಲಿ ಯಾವ್ದು ದೊಡ್ಡದು?"

"ಒಂದೇ ಮಣಿ ಇರದು."

"ರಾಶಿ ಇರೋದು ಅಲ್ವಾ?"

"ಅದು ಐದೇ ಮನೆ ತುಂಬೈತೆ. ಇದು ಆರನೇ ಮನೇಲಿ ಕುಂತೈತೆ." ಅಷ್ಟು ಹೇಳಿ, ಬಾಯಿ ತಪ್ಪಿತೆಂಬಂತೆ ಕರಿಬಸಮ್ಮ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಶಾಂತಲಾಳ ಕಣ್ಣು ತುಂಬಿತು. ಅವಳು ಶಿವರಾಜನತ್ತ ತಿರುಗಿದಳು.

"ನಾವೆಲ್ಲ ಚೀಲ ನೋಡಿದ್ವಿ, ಮಣಿ ನೋಡ್ಲಿಲ್ಲ. ಕದಿಯೋನು ಎತ್ಕೊಂಡು ಓಡ್ತಾನೆ. ಕೂತ್ಕೊಂಡು ಹೊಸ ಲೆಕ್ಕ ಯಾಕೆ ಹಾಕ್ತಾನೆ? ತಪ್ಪು ಹೇಳಿದ್ರೆ ಮಣಿ ಬದಲಾಯಿಸಿ ಇನ್ನೊಂದ್ಸಲ ಕೇಳ್ತಿದ್ದೋರು ಯಾರು? ಸರಿ ಹೇಳಿದ್ರೆ ಹಿಂದೆ ಕೈ ಹಾಕಿ ಬಹುಮಾನ ಕೊಡ್ತಿದ್ದೋರು ಯಾರು?"

ಶಿವರಾಜನ ಮುಖ ಇಳಿದುಹೋಯಿತು.

"ಭರಣಿ ತೆಗೆದಿದ್ದು ಅಲಮೇಲಮ್ಮ ಮೇಡಂ."

ಅಷ್ಟರಲ್ಲಿ ಮೇಡಂ ಬಾಗಿಲಲ್ಲಿ ನಿಂತಿದ್ದರು. ತುಮಕೂರಿನ ಸದಾಶಿವನಗರದಿಂದ ಬೆಳಗಿನ ರೈಲಿಗೇ ಬಂದು, ಕರಿಬಸಮ್ಮನ ಹೊರತು ಯಾರೂ ಇಲ್ಲದಾಗ ತಮ್ಮ ಕೋಣೆಯನ್ನು ಕಣ್ತುಂಬ ನೋಡಿಕೊಂಡು, ಆಮೇಲೆ ಪರಿಚಯದವರ ಮನೆಗೆ ಕಾಫಿಗೆ ಹೋಗಿದ್ದರಂತೆ. ಮಕ್ಕಳ ಉತ್ಸಾಹಕ್ಕೆ ತಣ್ಣೀರು ಎರಚಬಾರದೆಂದು, ತಾವು ಮೊದಲೇ ಬಂದದ್ದನ್ನು ಹೇಳಬೇಡವೆಂದು ಕರಿಬಸಮ್ಮನಿಂದ ಮಾತು ತೆಗೆದುಕೊಂಡಿದ್ದರು. ಕಾಗದದ ಪೊಟ್ಟಣ ಕಂಡು, ಹುಡುಗರು ಹಳೇ ಪದ್ಧತಿಯಂತೆ ಏನೋ ತಿಂಡಿ ಇಟ್ಟಿದ್ದಾರೆ ಎಂದುಕೊಂಡು, ಲೆಕ್ಕ ಸರಿ ಹೇಳಿದ ಕರಿಬಸಮ್ಮನಿಗೆ ಅದನ್ನೇ ಬಹುಮಾನವಾಗಿ ಕೊಟ್ಟರಂತೆ.

ನಡೆದದ್ದು ಕೇಳಿ ಅವರು ಶಿವರಾಜನತ್ತ ತಿರುಗಿದರು. ಅವನು ಕರಿಬಸಮ್ಮನ ಮುಂದೆ ಕೈಮುಗಿದು, ತಪ್ಪಾಯಿತೆಂದ.

ಕರಿಬಸಮ್ಮ ಭರಣಿಯನ್ನು ಮೇಡಂ ಕಡೆ ಚಾಚಿದಳು. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಕೊಟ್ಟ ಬಹುಮಾನ ನಾನು ವಾಪಸ್ ತಗೊಳ್ಳಲ್ಲಮ್ಮ."

"ಬೆಳ್ಳಿ ನೀವೇ ಮಡೀಕಳಿ ಮೇಡಂ," ಎಂದಳು ಕರಿಬಸಮ್ಮ. "ನಂಗೆ ಇನ್ನೊಂದು ಲೆಕ್ಕ ಕೊಡಿ."